ವೀಳ್ಯ ಎತ್ತದ ಯಜಮಾನ

ಕೆಂಚೇಗೌಡನದೊಡ್ಡಿ ಬೆಸಗರಹಳ್ಳಿಯಿಂದ ಮೂರು ಕಿಲೋಮೀಟರು ಒಳಗಿದೆ. ಅಲ್ಲಿ ನ್ಯಾಯ ಹೇಳುವ ಯಜಮಾನರು ಐದು ಜನ. ಅವರಲ್ಲಿ ಎಲ್ಲರಿಗಿಂತ ಚಿಕ್ಕವನು ಪುಟ್ಟರಾಜು, ಐವತ್ತಾರು ವರ್ಷದವನು. ಮೂರು ಎಕರೆ ಕಬ್ಬು, ಒಂದು ಎಕರೆ ಭತ್ತ, ಎರಡು ಸೀಮೆಹಸು, ಎಸ್ಸೆಸ್ಸೆಲ್ಸಿ ತನಕದ ಓದು. ಯಜಮಾನಿಕೆ ಅವನು ಕೇಳಿ ಪಡೆದದ್ದಲ್ಲ. ಅಪ್ಪ ತೀರಿಕೊಂಡ ಹನ್ನೊಂದನೆಯ ದಿನ ಊರಿನವರು ಅವನ ತಲೆಗೆ ಪೇಟ ಸುತ್ತಿ, ಮಾರಮ್ಮನ ಗುಡಿಯ ಮುಂದಿನ ಕಲ್ಲುಜಗಲಿಯ ಮೇಲೆ ಅಪ್ಪ ಕೂರುತ್ತಿದ್ದ ಜಾಗದಲ್ಲೇ ಕೂರಿಸಿದ್ದರು. ಅಂದಿನಿಂದ ಹದಿನೆಂಟು ವರ್ಷ ಅವನು ಅಲ್ಲಿ ಕೂತಿದ್ದ.

ಅಲ್ಲಿನ ಪದ್ಧತಿ ಸರಳ. ಸೋಮವಾರ ಬೆಳಿಗ್ಗೆ ಊರು ಸೇರುತ್ತದೆ. ದೂರು ಕೊಟ್ಟವರು, ದೂರಿಗೆ ಸಿಕ್ಕವರು ಮಾತಾಡುತ್ತಾರೆ. ಹಿರಿಯ ಯಜಮಾನ ಚೌಡಯ್ಯ ತೀರ್ಮಾನ ಹೇಳುತ್ತಾನೆ. ಆಮೇಲೆ ತಟ್ಟೆಯಲ್ಲಿ ಐದು ವೀಳ್ಯ, ಅಂದರೆ ಎರಡೆರಡು ಎಲೆ, ಒಂದೊಂದು ಅಡಿಕೆ ಇಟ್ಟು ಐವರ ಮುಂದೆ ಹಿಡಿಯುತ್ತಾರೆ. ಐವರೂ ಎತ್ತಿಕೊಂಡರೆ ಅದು ಊರಿನ ಮಾತು. ಒಬ್ಬ ಎತ್ತದಿದ್ದರೂ ತೀರ್ಮಾನ ಬಿದ್ದುಹೋಗುತ್ತದೆ ಎಂದು ಹಳಬರು ಹೇಳುತ್ತಿದ್ದರು. ಆದರೆ ಹಾಗೆ ಬಿದ್ದುಹೋದದ್ದನ್ನು ಬದುಕಿರುವವರು ಯಾರೂ ಕಂಡಿರಲಿಲ್ಲ. ಪುಟ್ಟರಾಜು ಹದಿನೆಂಟು ವರ್ಷವೂ ಎತ್ತಿದ್ದ. ತಟ್ಟೆ ಬರುತ್ತಿತ್ತು, ಎತ್ತುತ್ತಿದ್ದ, ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಅದರಲ್ಲಿ ಯೋಚಿಸುವಂಥದ್ದು ಏನಾದರೂ ಇದೆಯೆಂದು ಅವನಿಗೆ ಅನ್ನಿಸಿರಲಿಲ್ಲ.

ಅನ್ನಿಸಿದ್ದು ಮಳವಳ್ಳಿಯಲ್ಲಿ, ನೆಂಟರ ಮದುವೆಯೊಂದರಲ್ಲಿ. ಊಟ ಮುಗಿಸಿ ಛತ್ರದ ಹಿಂದೆ ಕೈ ತೊಳೆಯುತ್ತಿದ್ದಾಗ, ಎಂಜಲೆಲೆಯ ಬುಟ್ಟಿ ಹೊತ್ತು ಬಂದ ಹೆಂಗಸೊಬ್ಬಳು ಬುಟ್ಟಿ ಇಳಿಸಿ ಅವನ ಮುಂದೆ ನಿಂತಳು.

"ನಾನ್ ಯಾರಂತ ಗೊತ್ತಾಯ್ತಾ, ಯಜಮಾನ್ರೇ?"

ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಚಿಕ್ಕಮಾದಮ್ಮ. ಮೊದಲು ಅವರ ಊರಿನವಳೇ, ಮಾರಮ್ಮನ ಗುಡಿಯ ಅಂಗಳ ಗುಡಿಸುತ್ತಿದ್ದವಳು. ಒಂಬತ್ತು ವರ್ಷದ ಹಿಂದೆ ದೇವರ ಬೆಳ್ಳಿ ಕಣ್ಣು ಕಾಣೆಯಾದಾಗ ಊರೆಲ್ಲ ಅವಳ ಕಡೆಗೆ ಬೆರಳು ತೋರಿಸಿತ್ತು. ಅವಳ ಗುಡಿಸಲು ಹುಡುಕಿದರು, ಏನೂ ಸಿಗಲಿಲ್ಲ. ಸಿಗಲಿಲ್ಲ ಎನ್ನುವುದೇ ಅವಳು ಚೆನ್ನಾಗಿ ಬಚ್ಚಿಟ್ಟಿದ್ದಕ್ಕೆ ಗುರುತು ಎಂದರು. ಯಾರೂ ಅವಳನ್ನು ಕೂಲಿಗೆ ಕರೆಯಬಾರದು ಎಂದು ತೀರ್ಮಾನವಾಯಿತು. ತಟ್ಟೆ ಬಂತು, ಐವರೂ ಎತ್ತಿದರು. ಎರಡು ತಿಂಗಳಲ್ಲಿ ಅವಳು ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟಿದ್ದಳು. ಬೆಳ್ಳಿ ಕಣ್ಣು ಇವತ್ತಿಗೂ ಸಿಕ್ಕಿಲ್ಲ.

"ಚೆನ್ನಾಗಿದ್ದೀಯಾ ಕಣವ್ವ?" ಎಂದ ಪುಟ್ಟರಾಜು.

"ಇವ್ನಿ. ನಿಮ್ಮುನ್ನ ಒಂದ್ ಮಾತ್ ಕೇಳ್ಬೇಕು ಅಂತ ಒಂಬತ್ ವರ್ಸದಿಂದ ಇಟ್ಕಂಡಿದ್ದೆ. ನಾನೇ ತಗಂಡಿದ್ದು ಅಂತ ನಿಮ್ಗೆ ಎಂಗೆ ಗೊತ್ತಾಯ್ತು?"

"ಎಲ್ರೂ ಅಂದ್ರಲ್ಲವ್ವ."

"ಎಲ್ರಿಗೂ ಎಂಗೆ ಗೊತ್ತಾಯ್ತಂತೆ?"

ಪುಟ್ಟರಾಜು ಕೊಳಾಯಿ ತಿರುಗಿಸಿ ನಿಲ್ಲಿಸಿದ. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ತಗಂಡಿದ್ನೋ ಇಲ್ವೋ ಅಂತ ನಾನೀಗ ಯೋಳಾಕಿಲ್ಲ," ಎಂದಳು ಚಿಕ್ಕಮಾದಮ್ಮ. "ಅವತ್ತು ಕಾಲ್ ಹಿಡ್ದು ಯೋಳ್ದೆ, ಯಾರೂ ಕೇಳ್ಲಿಲ್ಲ. ಈಗ ಯೋಳೋ ಸರದಿ ನಿಮ್ದು. ನಿಮ್ಗೆ ಎಂಗೆ ಗೊತ್ತಾಯ್ತು?"

ಅವಳು ಸ್ವಲ್ಪ ಹೊತ್ತು ಕಾದು, ಬುಟ್ಟಿ ಎತ್ತಿಕೊಂಡು ಹೋದಳು. ಮನೆಗೆ ಬರುವಾಗ ಬಸ್ಸಿನಲ್ಲಿ ಅವನು ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಬಂದ. ಮದ್ದೂರು ಬಂದರೂ ಸಿಗಲಿಲ್ಲ. ಅವಳು ಕದ್ದಿಲ್ಲ ಎಂದೇನೂ ಅವನಿಗೆ ಗೊತ್ತಿರಲಿಲ್ಲ. ಕದ್ದಿದ್ದರೂ ಕದ್ದಿರಬಹುದು. ಆದರೆ ಅವತ್ತು ಅವನು ಎತ್ತಿದ ವೀಳ್ಯಕ್ಕೆ "ಇವಳೇ ಕದ್ದಿದ್ದು, ನನಗೆ ಗೊತ್ತು" ಎನ್ನುವ ಅರ್ಥವಿತ್ತು. ಗೊತ್ತಿರಲಿಲ್ಲ. ಗೊತ್ತಿಲ್ಲದೆ ಒಬ್ಬ ಹೆಂಗಸನ್ನು ಊರು ಬಿಡಿಸಿದ್ದ. ಆಮೇಲೆ ಮನೆಗೆ ಹೋಗಿ ಉಂಡು ಮಲಗಿದ್ದ.

ಇದಾಗಿ ಮೂರು ವಾರಕ್ಕೆ, ಒಂದು ಭಾನುವಾರ, ಪೊಟ್ಯಾಷ್ ತರಲು ಮದ್ದೂರಿಗೆ ಹೋದ. ಗೊಬ್ಬರದ ಅಂಗಡಿಯವನು ಗೋದಾಮಿಗೆ ಆಳು ಕಳಿಸಿ, ಕೂತಿರಿ ಎಂದ. ಅಂಗಡಿಯ ಪಕ್ಕದಲ್ಲಿ ಮಹಡಿಗೆ ಹೋಗುವ ಮೆಟ್ಟಿಲಿತ್ತು. ಮೇಲಿನಿಂದ ಯಾರೋ ಕೇಳುತ್ತಿದ್ದದ್ದು ಕಿವಿಗೆ ಬಿತ್ತು: "ಗೊತ್ತು ಅಂತೀರಲ್ಲ, ಹೇಗೆ ಗೊತ್ತು? ಅದನ್ನ ಹೇಳಿ."

ಪುಟ್ಟರಾಜು ಎದ್ದು ಮೆಟ್ಟಿಲು ಹತ್ತಿದ.

ಮೇಲೆ ಒಂದು ಉದ್ದನೆಯ ಕೋಣೆ. ಅರ್ಧದಲ್ಲಿ ಖಾಲಿ ಚೀಲಗಳು, ಉಳಿದರ್ಧದಲ್ಲಿ ಚಾಪೆ. ಏಳೆಂಟು ಜನ ಕೂತಿದ್ದರು. ಎಪ್ಪತ್ತರ ಹತ್ತಿರದ ಒಬ್ಬರು ಗೋಡೆಗೆ ಒರಗಿಕೊಂಡಿದ್ದರು. ಅವರು ಶಿವಯ್ಯ, ಕಾಲೇಜಿನಲ್ಲಿ ಮೂವತ್ತು ವರ್ಷ ತರ್ಕಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು.

"ಬನ್ನಿ, ಕೂತ್ಕೊಳ್ಳಿ," ಎಂದರು.

"ಭಜನೆನಾ ಸಾ ಇದು?"

"ಅಲ್ಲ. ತತ್ವಶಾಸ್ತ್ರ."

"ಕಾವಿಗೀವಿ ಉಟ್ಕಬೇಕಾ?"

"ಗೊಬ್ಬರದ ಅಂಗಡಿ ಮೇಲೆ ಕಾವಿ ಉಟ್ಟರೆ ಎರಡೇ ದಿನಕ್ಕೆ ಬೂದಿ ಬಣ್ಣ ಆಗುತ್ತೆ. ಪಂಚೆನೇ ಸಾಕು."

ಕೂತವರು ನಕ್ಕರು. ಪುಟ್ಟರಾಜು ಚಾಪೆಯ ಅಂಚಿನಲ್ಲಿ ಕೂತ. "ಮತ್ತೆ ಇಲ್ಲಿ ಏನ್ ಮಾಡ್ತೀರಾ?"

"ದಿನಾ ಆಡೋ ಮಾತು ಒಂದನ್ನ ಹಿಡಿದು ನಿಲ್ಲಿಸ್ತೀವಿ. ನೀನು ಎಲ್ಲಿಂದ ಬಂದೆ, ಸರಿಯಾಗಿ ಏನು ಹೇಳ್ತಿದ್ದೀಯ, ನಿನ್ನನ್ನ ಯಾಕೆ ನಂಬಬೇಕು ಅಂತ ಕೇಳ್ತೀವಿ. ಅಷ್ಟೇ ಕೆಲಸ. ಇವತ್ತು ಹಿಡಿದಿರೋದು 'ನನಗೆ ಗೊತ್ತು' ಅನ್ನೋ ಮಾತು."

ಬ್ಯಾಂಕಿನಲ್ಲಿ ಕೆಲಸ ಮಾಡುವ ಪ್ರಸನ್ನ ಎಂಬಾತ, ಕಣ್ಣಾರೆ ನೋಡಿದ್ದರೆ ಗೊತ್ತು ಎನ್ನಬಹುದು ಎಂದ. ಆಸ್ಪತ್ರೆಯ ನರ್ಸೊಬ್ಬರು, ಕಣ್ಣಿಗೆ ಕಾಣದ ಜ್ವರ ಇದೆಯೆಂದು ನಮಗೆ ಗೊತ್ತಿರುತ್ತದಲ್ಲ ಎಂದರು. ಮಾತು ಹೀಗೇ ಹೋಗುತ್ತಿರಲು ಪುಟ್ಟರಾಜುವಿಗೆ ತಡೆಯಲಾಗಲಿಲ್ಲ.

"ಓದ್ ವರ್ಸ ನಾಲೆ ನೀರು ನಮ್ ಗದ್ದೆಗೆ ಬಂದದೆ ಅಂತ ನಂಗೆ ಮನೇಲಿ ಕೂತೇ ಗೊತ್ತಿತ್ತು. ಓಗಿ ನೋಡುದ್ರೆ ಒಂದ್ ಹನಿ ಇಲ್ಲ."

"ಹಾಗಾದ್ರೆ ಮನೇಲಿದ್ದಾಗ ನಿಮಗೆ ಗೊತ್ತಿತ್ತಾ?"

"ಗೊತ್ತು ಅಂದ್ಕಂಡಿದ್ದೆ."

"ಗೊತ್ತಿರೋದು ಬೇರೆ, ಗೊತ್ತು ಅಂದುಕೊಂಡಿರೋದು ಬೇರೆ," ಎಂದರು ಶಿವಯ್ಯ. "ಆದ್ರೆ ಒಳಗಿನಿಂದ ಎರಡೂ ಒಂದೇ ಥರ ಇರುತ್ತೆ. ಎರಡಕ್ಕೂ ಅಷ್ಟೇ ಧೈರ್ಯ. ಅದೇ ತೊಂದರೆ."

ಕೆಳಗಿನಿಂದ ಅಂಗಡಿಯವನು ಕೂಗಿದ. ಪುಟ್ಟರಾಜು ಎದ್ದು ಹೋಗಲಿಲ್ಲ.

ಅಂದಿನಿಂದ ಅವನು ಭಾನುವಾರ ತಪ್ಪಿಸಲಿಲ್ಲ. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ, ಬೆಸಗರಹಳ್ಳಿಯ ತನಕ ಟಿವಿಎಸ್ಸಿನಲ್ಲಿ ಹೋಗಿ, ಅಲ್ಲಿಂದ ಮದ್ದೂರಿನ ಬಸ್ಸು. ಅವನ ಹೆಂಡತಿ ಚಲುವಮ್ಮನಿಗೆ ಮೊದಲು ಬಂದ ಅನುಮಾನ ಮದ್ದೂರಿನಲ್ಲಿ ಇನ್ನೊಂದು ಸಂಸಾರ ಇರಬಹುದು ಎಂದು. ಒಂದು ಭಾನುವಾರ ತಾನೂ ಬಸ್ಸು ಹತ್ತಿ ಬಂದು, ಮೆಟ್ಟಿಲ ಕೆಳಗೆ ಅರ್ಧ ಗಂಟೆ ನಿಂತು ಕೇಳಿದಳು. ಮನೆಗೆ ಬಂದ ಮೇಲೆ ಹೇಳಿದಳು, "ಇನ್ನೊಂದ್ ಸಂಸಾರ ಆಗಿದ್ರೆ ವಾಸಿಯಾಗಿತ್ತು. ಏನಾದ್ರೂ ಅರ್ಥ ಆಗ್ತಿತ್ತು. ಇದ್ರಿಂದ ಏನ್ ಬತ್ತದೆ ನಿಮ್ಗೆ?"

"ಏನೂ ಬರಾಕಿಲ್ಲ ಕಣಮ್ಮಿ."

"ಮತ್ಯಾಕೆ ಓಯ್ತೀರಾ?"

ಅವನು ಯೋಚಿಸಿ ಹೇಳಿದ. "ನನ್ ಬಾಯಿಂದ ಬರೋ ಮಾತು ನಂದಾ, ಇನ್ಯಾರದ್ದೋ ನನ್ ಬಾಯಲ್ಲಿ ಬತ್ತಾ ಅದಾ ಅಂತ ನೋಡ್ಕಳಾಕೆ."

"ಐವತ್ತಾರ್ ವರ್ಸ ಆದ್ಮೇಲೆ?"

"ಮುಂಚೆ ನೋಡ್ಕಂಡಿದ್ರೆ ಚೆಂದಾಗಿತ್ತು."

ಅವನೇನೂ ಪಂಡಿತನಾಗಲಿಲ್ಲ. ಶಿವಯ್ಯ ಕೊಟ್ಟ ಪುಸ್ತಕ ಹಿಡಿದರೆ ನಾಲ್ಕು ಪುಟಕ್ಕೆ ನಿದ್ದೆ ಬರುತ್ತಿತ್ತು. ಆದರೆ ಕಬ್ಬಿಗೆ ನೀರು ಕಟ್ಟುವಾಗ, ಹಸು ಮೇಯಿಸುವಾಗ ಆ ವಾರದ ಮಾತು ತಲೆಯಲ್ಲಿ ತಿರುಗುತ್ತಿತ್ತು. ಒಂದು ವಾರ 'ತಪ್ಪು' ಎನ್ನುವ ಮಾತು, ಒಂದು ವಾರ 'ಅದಕ್ಕೇ ಹೀಗಾಯಿತು' ಎನ್ನುವ ಮಾತು. ಹೀಗೆ ಒಂದು ವರ್ಷ ಕಳೆಯಿತು.

ಆಗ ರೂಪಳ ವಿಷಯ ಬಂತು.

ರೂಪ ಊರಿನ ಆಶಾ ಕಾರ್ಯಕರ್ತೆ, ಮೂವತ್ತೆರಡು ವರ್ಷದವಳು. ಗಂಡನನ್ನು ಬಿಟ್ಟು ಬಂದು ಅಪ್ಪನ ಜೊತೆ ಇದ್ದಳು. ಅಪ್ಪ ಎರಡು ವರ್ಷ ಹಾಸಿಗೆ ಹಿಡಿದಾಗ ಒಬ್ಬಳೇ ನೋಡಿಕೊಂಡಳು. ಅವರು ತೀರಿಕೊಂಡ ದಿನ ಬೆಂಕಿಯಿಡಲು ದಾಯಾದಿಯ ಮಗನೊಬ್ಬ ಪಂಚೆ ಒದ್ದೆ ಮಾಡಿಕೊಂಡು ಬಂದು ನಿಂತ. ಹನ್ನೆರಡು ವರ್ಷದಿಂದ ಆ ಮನೆಯವರು ಅವಳಪ್ಪನ ಜೊತೆ ಮಾತಾಡಿರಲಿಲ್ಲ. ರೂಪ ಬೆಂಕಿಯ ಮಡಕೆಯನ್ನು ಅವನ ಕೈಗೆ ಕೊಡಲಿಲ್ಲ. ತಾನೇ ಹೊತ್ತು ಮುಂದೆ ನಡೆದು, ತಾನೇ ಬೆಂಕಿಯಿಟ್ಟಳು.

ಅವತ್ತು ಯಾರೂ ಏನೂ ಅನ್ನಲಿಲ್ಲ. ಆದರೆ ಮುಂದಿನ ತಿಂಗಳು ಊರಿನಲ್ಲಿ ಮೂರು ಹಸು ಸತ್ತವು. ಟ್ರಾನ್ಸ್‌ಫಾರ್ಮರ್ ಸುಟ್ಟು ಎಂಟು ದಿನ ಕರೆಂಟು ಇರಲಿಲ್ಲ. ಚೌಡಯ್ಯನ ಮೊಮ್ಮಗ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ. ಮೂರನ್ನೂ ಸೇರಿಸಿ ಊರು ಒಂದು ಕಾರಣ ಕಂಡುಕೊಂಡಿತು. ದೂರು ಕೊಟ್ಟವನು ಆ ದಾಯಾದಿಯ ಮಗನೇ.

ಶನಿವಾರ ಸುದ್ದಿ ಗೊತ್ತಾದಾಗ ಪುಟ್ಟರಾಜು ಭಾನುವಾರದ ತನಕ ಕಾಯದೆ ಮದ್ದೂರಿಗೆ ಹೋಗಿ ಶಿವಯ್ಯನವರ ಮನೆಯ ಬಾಗಿಲು ತಟ್ಟಿದ. ಎಲ್ಲವನ್ನೂ ಹೇಳಿದ. ಸೋಮವಾರ ತಟ್ಟೆ ತನ್ನ ಮುಂದೆ ಬರುತ್ತದೆ, ಎತ್ತಲಾರೆ ಎಂದ.

ಶಿವಯ್ಯ ಒಳಗೆ ಹೋಗಿ ಕಾಫಿ ತಂದು ಅವನ ಮುಂದೆ ಇಟ್ಟರು. ಆಮೇಲೆ ಮೆಲ್ಲಗೆ ಹೇಳಿದರು, "ನೋಡಿ ಪುಟ್ಟರಾಜು, ನಾವು ಅಲ್ಲಿ ಕೂತು ಮಾತಾಡೋದು ಒಂದು. ಊರಿನ ವ್ಯವಹಾರ ಇನ್ನೊಂದು. ನೀವು ಅಲ್ಲಿ ಬಾಳಬೇಕಾದವರು. ಸ್ವಲ್ಪ ಉಪಾಯವಾಗಿ ನೋಡಿಕೊಳ್ಳಿ. ಅವತ್ತು ಹುಷಾರಿಲ್ಲ ಅಂತ ಹೋಗದೆ ಇದ್ದುಬಿಡಿ."

ಪುಟ್ಟರಾಜುವಿಗೆ ಬೇಸರವಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ಮೇಸ್ಟ್ರೆ, ಅಂಗಾರೆ ಮಹಡಿ ಮ್ಯಾಲೆ ನಿಜ, ಮೆಟ್ಲು ಇಳುದ್ಮೇಲೆ ಸುಳ್ಳು ಅಂತ ಎರಡು ತರದ್ದು ಅದಾ? ಒಂದ್ ವರ್ಸ ಬಸ್ ಹತ್ಕಂಡ್ ಬಂದಿದ್ದು ನಾನು ಅದನ್ನ ಕಲಿಯಾಕಾ?"

ಶಿವಯ್ಯ ತಲೆ ತಗ್ಗಿಸಿದರು. "ನಾನು ಮೂವತ್ತು ವರ್ಷ ಪಾಠ ಮಾಡಿದೆ. ಮಕ್ಕಳನ್ನ ಕೇಳಿದೆ, ಹೇಗೆ ಗೊತ್ತು, ಹೇಗೆ ಗೊತ್ತು ಅಂತ. ಒಂದು ದಿನವೂ ಪ್ರಿನ್ಸಿಪಾಲರನ್ನ ಕೇಳಲಿಲ್ಲ. ಕೇಳಬೇಕಾದ ದಿನ ಬಂದಿತ್ತು. ರಜೆ ಹಾಕಿ ಮನೇಲಿ ಕೂತಿದ್ದೆ."

"ನಾನ್ ರಜಾ ಹಾಕಾಕಿಲ್ಲ," ಎಂದು ಪುಟ್ಟರಾಜು ಎದ್ದ. ಕಾಫಿ ಕುಡಿಯದೆ ಹೊರಟುಬಿಟ್ಟ.

ಸೋಮವಾರ ಬೆಳಿಗ್ಗೆ ಗುಡಿಯ ಮುಂದೆ ಜನ ಎಂದಿಗಿಂತ ಹೆಚ್ಚಾಗಿತ್ತು. ಹೆಂಗಸರು ಗೋಡೆಯ ಪಕ್ಕ ನಿಂತಿದ್ದರು. ಅವರಲ್ಲಿ ಚಲುವಮ್ಮನೂ ಇದ್ದಳು. ರೂಪ ತನ್ನ ಗುಲಾಬಿ ಸೀರೆ ಉಟ್ಟುಕೊಂಡೇ ಬಂದಿದ್ದಳು, ಕೆಲಸಕ್ಕೆ ಹೋಗುವಾಗ ಉಡುವುದು. ದಾಯಾದಿಯ ಮಗ ದೂರು ಹೇಳಿದ. ಸತ್ತ ಹಸುಗಳ ಒಡೆಯರು ಇಬ್ಬರು ಹೌದು ಹೌದು ಎಂದರು. ರೂಪಳನ್ನು ಕೇಳಿದಾಗ ಅವಳು, "ನಮ್ಮಪ್ಪಂಗೆ ನಾನೇ ಬೆಂಕಿ ಇಟ್ಟೆ. ಇನ್ನೇನ್ ಯೋಳ್ಬೇಕು?" ಎಂದಳು.

ಚೌಡಯ್ಯ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಎಣ್ಮಗ ಬೆಂಕಿ ಇಟ್ಟಿದ್ದಕ್ಕೇ ಊರಿಗೆ ಇಂಗಾಗಿರೋದು. ಇದು ಎಲ್ರಿಗೂ ಗೊತ್ತಿರೋ ವಿಸ್ಯ. ಒದ್ದೆ ಬಟ್ಟೆಲಿ ಗುಡಿ ಸುತ್ತ ಮೂರ್ ಸುತ್ತು ಬಂದು, ಊರ್ ಮುಂದೆ ಅಡ್ಡಬಿದ್ದು ತಪ್ಪಾಯ್ತು ಅನ್ಬೇಕು. ಸಾಂತಿ ಮಾಡಿಸ್ಬೇಕು. ಅಲ್ಲಿಗಂಟ ಯಾರ್ ಮನೆ ಒಳಕ್ಕೂ ಕಾಲ್ ಇಡಂಗಿಲ್ಲ."

ತಟ್ಟೆ ಬಂತು. ಚೌಡಯ್ಯ ಎತ್ತಿದ. ಆಚೆಯ ಮೂವರು ಎತ್ತಿದರು. ತಟ್ಟೆ ಪುಟ್ಟರಾಜುವಿನ ಮುಂದೆ ನಿಂತಿತು. ಅವನು ಎರಡು ಕೈಯನ್ನೂ ಮಂಡಿಯ ಮೇಲೆ ಇಟ್ಟುಕೊಂಡಿದ್ದ.

"ಎತ್ತಣ್ಣ," ಎಂದ ತಟ್ಟೆ ಹಿಡಿದವನು.

"ಎತ್ತಾಕಿಲ್ಲ."

"ಯಾಕ್ಲಾ?" ಎಂದ ಚೌಡಯ್ಯ, ಬಾಯಿಯಲ್ಲಿ ಎಲೆ ಇಟ್ಟುಕೊಂಡೇ.

"ಅವ್ಳು ಬೆಂಕಿ ಇಟ್ಟಿದ್ರಿಂದ್ಲೇ ಅಸ ಸತ್ವು ಅಂತ ನಂಗೆ ಗೊತ್ತಿಲ್ಲ. ಗೊತ್ತಿಲ್ದೆ ಇರೋದ್ನ ಗೊತ್ತು ಅಂತ ನಾನ್ ಎತ್ತಾಕಿಲ್ಲ."

"ಊರಿಗೇ ಗೊತ್ತದೆ."

"ಊರಿಗೆ ಎಂಗೆ ಗೊತ್ತಾಯ್ತು, ಚೌಡಯ್ಯಣ್ಣ?"

"ಮುಂಚೆ ಅವ್ಳು ಬೆಂಕಿ ಇಟ್ಲು. ಆಮೇಲೆ ಇವೆಲ್ಲಾ ಆಯ್ತು. ಇನ್ನೇನ್ ಬೇಕ್ಲಾ ನಿಂಗೆ?"

"ನಿಮ್ಮಪ್ಪಾರು ತೀರ್ಕಂಡಾಗ ನೀವೇ ಬೆಂಕಿ ಇಟ್ರಿ. ಇಪ್ಪತ್ತೇ ದಿವ್ಸಕ್ಕೆ ಲೈನ್ ತಂತಿ ತಗುಲಿ ಎಂಟೆಕರೆ ಕಬ್ಬು ಸುಟ್ಟೋಯ್ತು. ನಂದೂ ಒಂದೆಕರೆ ಅದ್ರಲ್ಲಿತ್ತು. ಅವತ್ತು ನಿಮ್ಮುನ್ನ ಯಾರೂ ಒದ್ದೆ ಬಟ್ಟೆಲಿ ಸುತ್ಸಲಿಲ್ಲ."

ಹಿಂದೆ ಯಾರೋ ನಕ್ಕು, ಕೂಡಲೇ ಬಾಯಿ ಮುಚ್ಚಿಕೊಂಡರು.

"ನಾನ್ ಗಂಡ್ಮಗ ಕಣ್ಲಾ."

"ಗಂಡ್ಮಗ ಇಟ್ಟಾಗ ಬೆಂಕಿ ತಂತಿಯಿಂದ ಬತ್ತದೆ, ಎಣ್ಮಗ ಇಟ್ಟಾಗ ಪಾಪದಿಂದ ಬತ್ತದೆ. ಇದನ್ನ ಯಾರ್ ನೋಡ್ಕಂಡ್ ಬಂದ್ರು?"

"ಸಾಸ್ತ್ರದಲ್ಲದೆ."

"ಯಾವ್ ಸಾಸ್ತ್ರ? ನೀವ್ ಓದಿದ್ದೀರಾ? ನಾನಂತೂ ಓದಿಲ್ಲ. ಇಲ್ಲಿ ಓದಿರೋರು ಯಾರಾದ್ರೂ ಇದ್ರೆ ಕೈ ಎತ್ಲಿ."

ಯಾರೂ ಎತ್ತಲಿಲ್ಲ. ಪುಟ್ಟರಾಜು ಎದ್ದು ನಿಂತ. ನಿಲ್ಲಬೇಕೆಂದು ಅವನು ಮೊದಲೇ ಅಂದುಕೊಂಡು ಬಂದಿರಲಿಲ್ಲ.

"ಇನ್ನೊಂದ್ ಮಾತು ಯೋಳ್ಬೇಕು. ಹತ್ ವರ್ಸದ ಹಿಂದೆ ಇದೇ ಜಾಗದಲ್ಲಿ ಕೂತು ಚಿಕ್ಕಮಾದಮ್ಮನ ಮ್ಯಾಲೆ ವೀಳ್ಯ ಎತ್ತಿದೆ. ಅವ್ಳೇ ಕದ್ದಿದ್ದು ಅಂತ ನಂಗೆ ಗೊತ್ತಿರ್ಲಿಲ್ಲ. ನಿಮಗ್ಯಾರಿಗೂ ಗೊತ್ತಿರ್ಲಿಲ್ಲ. ನಾನ್ ಅವತ್ತು ಸುಳ್ಳು ಯೋಳ್ದೆ. ಬಾಯಲ್ಲಿ ಯೋಳ್ದೆ ಇದ್ರೂ ಕೈಯಲ್ಲಿ ಯೋಳ್ದೆ. ಇನ್ನೊಂದ್ ಸಲ ಯೋಳಾಕಿಲ್ಲ."

ಚೌಡಯ್ಯನ ಮುಖ ಕಪ್ಪಿಟ್ಟಿತು. ಎಲೆ ಉಗಿದು ಬಂದು ಹೇಳಿದ, "ಮದ್ದೂರ್ಗೆ ಓಗಿ ಓಗಿ ನಿನ್ ತಲೆ ಕೆಟ್ಟದೆ. ನಿಮ್ಮಪ್ಪ ಕೂತಿದ್ದ ಜಾಗ ಅದು. ಊರ್ ಮಾತಿಗೆ ಎದುರ್ ಆಡಾಕೆ ಅಲ್ಲ ನಿನ್ನ ಅಲ್ಲಿ ಕೂರ್ಸಿರೋದು. ಎತ್ತು, ಇಲ್ಲ ಜಾಗ ಬುಡು."

"ಜಾಗ ಬುಡ್ತೀನಿ," ಎಂದ ಪುಟ್ಟರಾಜು. ಜಗಲಿಯಿಂದ ಇಳಿದು ಜನರ ನಡುವೆ ಹೋಗಿ ನಿಂತ.

ತಟ್ಟೆಯಲ್ಲಿ ಒಂದು ವೀಳ್ಯ ಉಳಿಯಿತು. ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ತಟ್ಟೆ ಹಿಡಿದವನು ಅದನ್ನು ಅಲ್ಲಿ ಇಡುವುದೋ ಒಳಗೆ ಒಯ್ಯುವುದೋ ಎಂದು ಚೌಡಯ್ಯನ ಮುಖ ನೋಡಿದ. ಆಗ ರೂಪ ಹೇಳಿದಳು, "ನೀವ್ ಐದಲ್ಲ, ಐವತ್ ಜನ ಎತ್ತಿದ್ರೂ ನಾನ್ ಒದ್ದೆ ಬಟ್ಟೆಲಿ ಸುತ್ತಾ ಇರ್ಲಿಲ್ಲ. ಇವತ್ತು ಮೂರ್ ಕೂಸಿಗೆ ಲಸಿಕೆ ಅದೆ. ಬತ್ತೀನಿ." ಚೀಲ ಹೆಗಲಿಗೆ ಹಾಕಿಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಹೋದಳು. ಯಾರೂ ತಡೆಯಲಿಲ್ಲ.

ಅವತ್ತು ಮಧ್ಯಾಹ್ನ ಅವಳು ಪುಟ್ಟರಾಜುವಿನ ಮನೆಗೆ ಬಂದಳು. ಧನ್ಯವಾದ ಹೇಳಲು ಬಂದಿದ್ದಾಳೆ ಎಂದುಕೊಂಡು ಅವನು ಸ್ವಲ್ಪ ಸಂಕೋಚದಿಂದಲೇ ಕುರ್ಚಿ ಎಳೆದ. ಅವಳು ಕೂರಲಿಲ್ಲ.

"ಚಿಕ್ಕಪ್ಪ, ನೀವ್ ನನ್ ಪರ ಮಾತಾಡಿದ್ರಿ ಅಂತ ಊರೆಲ್ಲಾ ಅಂತದೆ. ಅವ್ದಾ?"

"ನಿನ್ ಪರ ಅಂತಲ್ಲ ಕಣವ್ವ. ನಂಗೆ ಗೊತ್ತಿಲ್ದೆ ಇರೋದ್ನ ಗೊತ್ತು ಅನ್ನಾಕಿಲ್ಲ ಅಂದೆ. ಅಷ್ಟೇ."

"ಅದು ಸಾಲ್ದು," ಎಂದಳು ರೂಪ. "ಅಸ ಯಾಕ್ ಸತ್ವು ಅಂತ ಗೊತ್ತಿಲ್ಲ, ಸರಿ. ಮಗಳು ಅಪ್ಪಂಗೆ ಬೆಂಕಿ ಇಟ್ರೆ ತಪ್ಪಾ, ಅಲ್ವಾ? ಅದ್ಕೂ ಗೊತ್ತಿಲ್ಲ ಅಂತೀರಾ? ಗೊತ್ತಿಲ್ಲ ಅನ್ನೋದು ಸುಲ್ಬ, ಚಿಕ್ಕಪ್ಪ. ಅದ್ರ ಹಿಂದೆ ಬಚ್ಚಿಟ್ಕಬೋದು."

ಅವಳು ಹೋದ ಮೇಲೆ ಪುಟ್ಟರಾಜು ಎಳೆದಿದ್ದ ಕುರ್ಚಿಯನ್ನು ಮತ್ತೆ ಗೋಡೆಗೆ ಒತ್ತಿಟ್ಟ. ಜಗಲಿಯಿಂದ ಇಳಿದಾಗ ಅವನಿಗೆ ಒಳಗೊಳಗೇ ಒಂದು ಹೆಮ್ಮೆ ಬಂದಿತ್ತು. ಈಗ ಅದು ಉಳಿಯಲಿಲ್ಲ.

ಊರು ಅವನನ್ನು ಬಿಟ್ಟಿತು. ಡಂಗುರ ಸಾರಲಿಲ್ಲ, ತೀರ್ಮಾನವೂ ಮಾಡಲಿಲ್ಲ. ಆದರೆ ಡೇರಿಯಲ್ಲಿ ಅವನು ಬಂದರೆ ಮಾತು ನಿಲ್ಲುತ್ತಿತ್ತು. ಅಕ್ಕಪಕ್ಕದ ಮನೆಯ ನಾಮಕರಣಕ್ಕೆ ಕರೆಯಲಿಲ್ಲ. ಕಬ್ಬಿನ ತರಗು ಬಿಡಿಸಲು ಆಳು ಸಿಗದೆ ಅವನೂ ಚಲುವಮ್ಮನೂ ಇಬ್ಬರೇ ಬಿಡಿಸಿದರು. ಚಲುವಮ್ಮ ಮೊದಲ ವಾರ ಅವನ ಜೊತೆ ಮಾತಾಡಲಿಲ್ಲ, ತಟ್ಟೆಗೆ ಮುದ್ದೆ ಹಾಕಿ ಎದ್ದು ಹೋಗುತ್ತಿದ್ದಳು. ಎರಡನೆಯ ವಾರ ಅವಳ ಸ್ವಸಹಾಯ ಸಂಘದ ಹೆಂಗಸರು, ಗಂಡನಿಗೆ ಬುದ್ಧಿ ಹೇಳು ಎಂದು ಅವಳಿಗೆ ಬುದ್ಧಿ ಹೇಳಿದರು. ಮನೆಗೆ ಬಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದಳು:

"ನಮ್ ಯಜಮಾನ್ರು ಮಾಡಿದ್ದು ತಪ್ಪು ಅಂತ ನಿಮ್ಗೆ ಎಂಗೆ ಗೊತ್ತಮ್ಮಿ ಅಂದೆ. ಒಬ್ರಾದ್ರೂ ಬಾಯ್ ಬುಡ್ಲಿಲ್ಲ. ನಂಗೂ ನಿಮ್ ಕಾಯ್ಲೆ ಅಂಟ್ಕಂತು."

ಪುಟ್ಟರಾಜು ನಗಲು ಹೋಗಿ ಸುಮ್ಮನಾದ. ಅವಳ ಕಣ್ಣಲ್ಲಿ ನೀರಿತ್ತು.

"ನಿಮ್ಗೆ ಏನೂ ಅನ್ಸಾಕಿಲ್ವಾ?" ಎಂದಳು. "ನಾಳೆ ನಮ್ ಮನೇಲಿ ಸಾವು ಆದ್ರೆ ಹೊರಾಕೆ ನಾಕ್ ಜನ ಬರಾಕಿಲ್ಲ."

"ಅನ್ಸ್ತದೆ ಕಣಮ್ಮಿ. ದಿನಾ ಅನ್ಸ್ತದೆ. ಆದ್ರೆ ಅವತ್ತು ಎತ್ತಿದ್ರೆ ಏನ್ ಅನ್ಸೋದೋ ಅದು ಇದ್ಕಿಂತ ಕೆಟ್ದು. ಅದು ನಂಗೆ ಗೊತ್ತು. ಒಂದ್ ಸಲ ಎತ್ತಿ ನೋಡಿವ್ನಿ."

ಅವನು ರೂಪಳ ಪ್ರಶ್ನೆಯನ್ನು ಬಿಟ್ಟಿರಲಿಲ್ಲ. ಗದ್ದೆಯಲ್ಲಿ, ಕೊಟ್ಟಿಗೆಯಲ್ಲಿ ಅದನ್ನೇ ಯೋಚಿಸಿದ. ಭಾನುವಾರ ಮಹಡಿಯ ಮೇಲೂ ಅದನ್ನೇ ಇಟ್ಟ. ಶಿವಯ್ಯ ಅವತ್ತು ಮೊದಲು ಎಲ್ಲರ ಮುಂದೆ ಪುಟ್ಟರಾಜುವಿಗೆ ಕೈ ಮುಗಿದರು. ಆಮೇಲೆ ವಾದ ಶುರುವಾಯಿತು. ಸಂಪ್ರದಾಯ ಅಂದರೆ ಏನು, ಸತ್ತವರಿಗೆ ನಾವು ಏನು ಋಣಿ, ಬೆಂಕಿಯಿಡುವುದು ಹಕ್ಕೋ ಕರ್ತವ್ಯವೋ. ಪ್ರಸನ್ನ ಕೊನೆಯ ತನಕ ಒಪ್ಪಲಿಲ್ಲ. ಹಳೆಯ ಪದ್ಧತಿಗೆ ನಮಗೆ ಕಾಣದ ಕಾರಣ ಇರಬಹುದು ಎಂದ. ಇರಬಹುದು, ಇದ್ದರೆ ಅದನ್ನು ಹೇಳಬೇಕಾದವರು ಶಿಕ್ಷೆ ಕೊಡುವವರು ಎಂದ ಪುಟ್ಟರಾಜು. ಎರಡು ಗಂಟೆ ಜಗಳವಾಡಿ ಎಲ್ಲರೂ ಕೆಳಗಿಳಿದು ಒಟ್ಟಿಗೆ ಟೀ ಕುಡಿದರು.

ತಿಂಗಳು ಕಳೆದ ಮೇಲೆ ಒಂದು ಸಂಜೆ ಚೌಡಯ್ಯ ಇಬ್ಬರು ಯಜಮಾನರನ್ನು ಕರೆದುಕೊಂಡು ಪುಟ್ಟರಾಜುವಿನ ಗದ್ದೆಯ ಬದುವಿಗೆ ಬಂದ. ಬಂದದ್ದೇ ಅವನಿಗೆ ಕಷ್ಟವಾಗಿತ್ತೆಂದು ಮುಖದಲ್ಲಿ ಕಾಣುತ್ತಿತ್ತು.

"ನೋಡ್ಲಾ ಪುಟ್ಟರಾಜು," ಎಂದ. "ಆಗಿದ್ದು ಆಗೋಯ್ತು. ಅವ್ಳೇನೋ ಎಲ್ಲಾ ಮನೆಗೂ ಓಯ್ತಾವ್ಳೆ, ಜನ್ವೂ ಸೇರುಸ್ಕತಾ ಅವ್ರೆ. ಐದ್ನೇ ಜಾಗ ಖಾಲಿ ಇದ್ರೆ ಊರಿಗೆ ಸೋಭೆ ಅಲ್ಲ. ಬಂದು ಕೂತ್ಕೊ. ಆ ವಿಸ್ಯ ನಾವೂ ಎತ್ತಾಕಿಲ್ಲ, ನೀನೂ ಎತ್ಬೇಡ."

ಪುಟ್ಟರಾಜು ಗುದ್ದಲಿಯನ್ನು ಬದುವಿಗೆ ಊರಿ ನಿಂತ. "ಎತ್ತೇ ಎತ್ತೀನಿ, ಚೌಡಯ್ಯಣ್ಣ. ಅವತ್ತು ಗೊತ್ತಿಲ್ಲ ಅಂದಿದ್ದೆ. ಒಂದ್ ತಿಂಗ್ಳು ಯೋಚ್ನೆ ಮಾಡಿವ್ನಿ. ಈಗ ಯೋಳ್ತೀನಿ. ರೂಪ ಮಾಡಿದ್ದು ತಪ್ಪಲ್ಲ."

"ಮತ್ತೆ ಸುರು ಮಾಡ್ದ," ಎಂದ ಜೊತೆಯಲ್ಲಿದ್ದವನು.

"ಎರಡ್ ವರ್ಸ ಅವ್ರಪ್ಪನ ಏಲು-ಉಚ್ಚೆ ಬಾಚಿದ್ದು ಅವ್ಳು. ಅವಾಗ ನಮ್ಮಲ್ಲಿ ಯಾರೂ ಓಗಿ, ಇದು ಗಂಡ್ಮಗ ಮಾಡೋ ಕೆಲ್ಸ, ಬುಡು ಅನ್ನಲಿಲ್ಲ. ಆ ಕೆಲ್ಸ ಅವ್ಳದಾದ್ರೆ ಬೆಂಕಿ ಇಡೋದೂ ಅವ್ಳದೇ. ಇದ್ರಲ್ಲಿ ಏನ್ ತಪ್ಪದೆ ಅಂತ ತೋರ್ಸಿ, ಈಗ್ಲೇ ಮಾತ್ ವಾಪಸ್ ತಗತೀನಿ. ತೋರ್ಸದೆ ಸುಮ್ಕಿರು ಅಂದ್ರೆ ಇರಾಕಿಲ್ಲ."

"ಊರೆಲ್ಲಾ ಒಂದ್ಕಡೆ, ನೀನೊಬ್ಬ ಒಂದ್ಕಡೆ," ಎಂದ ಚೌಡಯ್ಯ.

"ಇರ್ಲಿ ಬುಡಣ್ಣ."

ಚೌಡಯ್ಯ ಅವನನ್ನೇ ನೋಡಿದ. ಈಗ ಅವನ ದನಿಯಲ್ಲಿ ಸಿಟ್ಟಿಗಿಂತ ಬೆರಗು ಹೆಚ್ಚಾಗಿತ್ತು. "ಇದ್ರಿಂದ ನಿಂಗೆ ಏನ್ ಸಿಕ್ತ್ಲಾ? ಯಜಮಾನ್ಕೆ ಓಯ್ತು. ನಾಕ್ ಜನ ಕರೆಯಾಕಿಲ್ಲ. ಯಾವ್ ಸುಖಕ್ಕೆ ಇದು?"

"ಸುಖಕ್ಕಲ್ಲ ಕಣಣ್ಣ. ಹದಿನೆಂಟ್ ವರ್ಸ ಅಲ್ಲಿ ಕೂತಿದ್ನಲ್ಲ, ಒಂದ್ ದಿನಾನೂ ನಾನ್ ಅಲ್ಲಿ ಇರ್ಲಿಲ್ಲ. ನಮ್ಮಪ್ಪನ ಪೇಟ ಇತ್ತು, ನಿಮ್ ಮಾತಿತ್ತು, ನಡುವೆ ಒಂದ್ ಕೈ ಇತ್ತು ಎಲೆ ಎತ್ತಾಕೆ. ಈಗ ಇವ್ನಿ."

ಚೌಡಯ್ಯ ಬದುವಿನ ಮೇಲೆ ವಾಪಸು ನಡೆದ. ಉಳಿದ ಇಬ್ಬರೂ ಹಿಂದೆ ಹೋದರು.

ಮುಂದಿನ ಸೋಮವಾರ ಐದನೆಯ ಜಾಗದಲ್ಲಿ ಚೌಡಯ್ಯನ ತಮ್ಮನನ್ನು ಕೂರಿಸಿದರು. ಪೇಟ ಅವನ ತಲೆಗೆ ಸ್ವಲ್ಪ ಸಡಿಲವಾಗಿತ್ತು. ಅವತ್ತು ಬಂದದ್ದು ಸಣ್ಣ ದೂರು. ಒಬ್ಬನ ಎಮ್ಮೆ ಇನ್ನೊಬ್ಬನ ರಾಗಿ ಪೈರು ಮೇಯ್ದಿದೆ ಎಂದು. ಎಮ್ಮೆಯ ಒಡೆಯ ಒಬ್ಬ ಮುದುಕ. ಊರಿನಲ್ಲಿ ಅವನ ಎಮ್ಮೆಯೊಂದೇ ಕಟ್ಟು ಹರಿದುಕೊಂಡು ಹೋಗುವುದು ಎಂದು ಎಲ್ಲರೂ ಹೇಳಿದರು. ಮುದುಕ ಬಾಯಿ ತೆರೆದು ಮುಚ್ಚಿದ. ಚೌಡಯ್ಯ ಗಂಟಲು ಸರಿಮಾಡಿಕೊಂಡ.

ಪುಟ್ಟರಾಜು ಕೆಳಗೆ ಮಣ್ಣಿನ ಮೇಲೆ, ಜನರ ನಡುವೆ ಕೂತಿದ್ದ. ಅವನ ಆಚೀಚೆ ಒಂದೊಂದು ಮೊಳ ಜಾಗ ಖಾಲಿ ಬಿಟ್ಟಿದ್ದರು. ಅವನು ಕೈ ಎತ್ತಿದ. ಜಗಲಿಯ ಮೇಲಿನವರು ನೋಡಿಯೂ ನೋಡದಂತೆ ಇದ್ದರು. ಯಾರೂ ಮಾತಾಡು ಎನ್ನಲಿಲ್ಲ. ಅವನು ಪಂಚೆಯ ಮಣ್ಣು ಕೊಡವಿಕೊಂಡು ಎದ್ದು ನಿಂತ.

"ಎಮ್ಮೆ ಮೇಯ್ದಿದ್ನ ನೋಡ್ದೋರು ಯಾರು?" ಎಂದು ಕೇಳಿದ.